ಬಾನಿನಿಂದ ಸುರಿದ ವಿಷಕ್ಕೆ ಅಪರಾಧಿ ಯಾರು?

ನಮ್ಮಂಥ ವಿದ್ಯಾರ್ಥಿಗಳಿಗೆ ಶೇಕಡಾ 60 ಅಂದರೆ ಫಸ್ಟ್ ಕ್ಲಾಸ್. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಕೆಲವು ಮನೆಗಳಲ್ಲಿ ಅದೇ ಸಂಖ್ಯೆಗೆ ಬೇರೆ ಅರ್ಥವಿದೆ. ಮಗುವಿನ ಅಂಗವೈಕಲ್ಯ ಶೇ. 60ಕ್ಕಿಂತ ಹೆಚ್ಚು ಎಂದು ವೈದ್ಯರ ತಂಡ ಪ್ರಮಾಣಪತ್ರ ಕೊಟ್ಟರೆ ಮಾಸಾಶನಕ್ಕೆ ಒಂದು ದರ. 25ರಿಂದ 60ರ ಒಳಗಿದ್ದರೆ ಅದಕ್ಕಿಂತ ಕಡಿಮೆ ದರ. ಮಗು ಅನ್ನುವುದು ಮನೆಯವರ ಬಾಯಿಯ ಅಭ್ಯಾಸ ಅಷ್ಟೆ. ಆ ಮಕ್ಕಳಲ್ಲಿ ಹಲವರಿಗೆ ಈಗ ಮೂವತ್ತು ದಾಟಿದೆ. ಎತ್ತಿ ಸ್ನಾನ ಮಾಡಿಸುವ ಅಮ್ಮಂದಿರಿಗೆ ಅರವತ್ತು ಆಗುತ್ತ ಬಂದಿದೆ. ನಾವು ಹೋದ ಮೇಲೆ ಇವನನ್ನು ನೋಡುವವರು ಯಾರು ಎನ್ನುವುದು ಅವರ ದೊಡ್ಡ ಚಿಂತೆ.

ಇವರು ಎಂಡೋಸಲ್ಫಾನ್ ಪೀಡಿತರೆಂದು ಸರ್ಕಾರವೇ ಗುರುತಿಸಿದವರು. ಈ ಸುದ್ದಿ ಬಂದಾಗಲೆಲ್ಲ ನಮ್ಮ ಮನಸ್ಸು ಕಾಸರಗೋಡಿಗೆ ಹೋಗುತ್ತದೆ, ಇಲ್ಲದಿದ್ದರೆ ಬೆಳ್ತಂಗಡಿಯ ಕೊಕ್ಕಡಕ್ಕೆ. ಅಲ್ಲಿನ ಹೋರಾಟ ದೊಡ್ಡದು, ಹೆಸರೂ ದೊಡ್ಡದು. ಆದರೆ ಉಡುಪಿ ಜಿಲ್ಲೆಯಲ್ಲೇ ಸಾವಿರಕ್ಕೂ ಹೆಚ್ಚು ಮಂದಿ ಈ ಪಟ್ಟಿಯಲ್ಲಿದ್ದಾರೆ, ಅವರಲ್ಲಿ ಬಹುಪಾಲು ನಮ್ಮ ಈ ಮೂರು ತಾಲೂಕುಗಳವರು ಅನ್ನುವುದು ಕುಂದಾಪುರದ ಕಾಲೇಜಿನಲ್ಲಿ ಓದುವ ಎಷ್ಟೋ ಮಂದಿಗೆ ಗೊತ್ತಿಲ್ಲ.

ನಡೆದದ್ದು ಇಷ್ಟು. ಕರಾವಳಿಯ ಗುಡ್ಡೆಗಳಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ನೆಡುತೋಪುಗಳಿವೆ. ಗೇರು ಹೂ ಬಿಡುವ ಚಳಿಗಾಲದಲ್ಲಿ ಟೀ ಸೊಳ್ಳೆ ಎನ್ನುವ ಕೀಟ ಚಿಗುರಿನ, ಹೂವಿನ ರಸ ಹೀರಿ ಫಸಲನ್ನೇ ಒಣಗಿಸಿಬಿಡುತ್ತದೆ. ಅದನ್ನು ಕೊಲ್ಲಲು 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ವಿಮಾನ ಸಿಂಪಡಣೆಗೆ ಷರತ್ತುಗಳಿದ್ದವು. ಮರದ ತಲೆಯಿಂದ ಎರಡು ಮೂರು ಮೀಟರಿಗಿಂತ ಮೇಲೆ ಹಾರಬಾರದು, ಜನರಿಗೆ ಮೊದಲೇ ತಿಳಿಸಬೇಕು, ನೀರಿನ ಮೂಲಗಳನ್ನು ಮುಚ್ಚಿಸಬೇಕು. ನಮ್ಮ ಕಡೆಯ ಗುಡ್ಡೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಒಂದು ಏರು, ಒಂದು ಇಳಿಜಾರು, ನಡುವೆ ತೋಡು, ತೋಡಿನ ಪಕ್ಕ ಮನೆ, ಅಂಗಳದಲ್ಲಿ ಬಾಯಿ ತೆರೆದ ಬಾವಿ. ಈ ನೆಲದಲ್ಲಿ ಎರಡು ಮೀಟರ್ ಅಂತರ ಕಾಯ್ದುಕೊಂಡು ಹಾರುವುದು ಸಾಧ್ಯವೇ? ಷರತ್ತು ಬರೆದವರು ಬಯಲುಸೀಮೆಯ ಹತ್ತಿ ಹೊಲ ನೋಡಿ ಬರೆದಿರಬೇಕು. ಊರಿನ ಹಳಬರನ್ನು ಕೇಳಿದರೆ, ಹೆಲಿಕಾಪ್ಟರ್ ಬಂತೆಂದರೆ ಮಕ್ಕಳೆಲ್ಲ ಓಡಿ ಹೋಗಿ ಗುಡ್ಡೆಯ ಮೇಲೆ ನಿಂತು ನೋಡುತ್ತಿದ್ದರು ಎನ್ನುತ್ತಾರೆ. ಆ ಕಾಲಕ್ಕೆ ಅದೊಂದು ಜಾತ್ರೆ.

ವಿಷಯ ಹೊರಗೆ ಬಂದದ್ದು ಗಡಿಯಾಚೆಯ ಕನ್ನಡಿಗರಿಂದ. ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಸೊಟ್ಟ ಕಾಲಿನ ಕರುಗಳು ಹುಟ್ಟುವುದನ್ನು ಕಂಡ ಪತ್ರಕರ್ತ ಶ್ರೀ ಪಡ್ರೆ 1980ರ ದಶಕದ ಆರಂಭದಲ್ಲೇ ಈ ಸಿಂಪಡಣೆಯ ಬಗ್ಗೆ ಬರೆದರು. ಅದೇ ಊರಿನಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಮಾನಸಿಕ ಸಮಸ್ಯೆ, ಕ್ಯಾನ್ಸರ್, ಹುಟ್ಟು ವೈಕಲ್ಯಗಳು ಒಂದೇ ತೋಡಿನ ಆಸುಪಾಸಿನ ಮನೆಗಳಲ್ಲಿ ಯಾಕಿಷ್ಟು ಎಂದು ಕೇಳಲು ಶುರು ಮಾಡಿದರು. ಕಾಞಂಗಾಡಿನಲ್ಲಿ ಕೃಷಿ ಇಲಾಖೆಯ ನೌಕರೆಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಮುನ್ಸಿಫ್ ಕೋರ್ಟಿನಿಂದ ತಡೆಯಾಜ್ಞೆ ತಂದರು. ಅಲ್ಲಿ ಸಿಂಪಡಿಸುತ್ತಿದ್ದದ್ದು ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಶಾಲಾ ಮಕ್ಕಳನ್ನು ಸಿಂಪಡಣೆ ಇಲ್ಲದ ಊರಿನ ಮಕ್ಕಳ ಜೊತೆ ಹೋಲಿಸಿ 2002ರಲ್ಲಿ ವರದಿ ಕೊಟ್ಟಿತು. ಪಡ್ರೆಯ ಮಕ್ಕಳಲ್ಲಿ ನರಸಂಬಂಧಿ ತೊಂದರೆಗಳು, ಹುಟ್ಟು ದೋಷಗಳು ಹೆಚ್ಚು ಎಂದು ಅದರಲ್ಲಿತ್ತು. ಸಂಬಂಧವೇ ಇಲ್ಲ ಎಂದ ಸರ್ಕಾರಿ ಸಮಿತಿಗಳೂ ಬಂದವು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ನಡೆದ ಸ್ಟಾಕ್‌ಹೋಮ್ ಒಪ್ಪಂದದ ಸಭೆಯಲ್ಲಿ ಎಂಡೋಸಲ್ಫಾನನ್ನು ಜಗತ್ತಿನಿಂದಲೇ ತೊಲಗಿಸಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದರು. ಅಲ್ಲಿಯವರೆಗೆ ಅದನ್ನು ವಿರೋಧಿಸುತ್ತ ಬಂದ ದೇಶಗಳಲ್ಲಿ ಮುಂಚೂಣಿಯಲ್ಲಿದ್ದದ್ದು ಭಾರತ. ಎಂಡೋಸಲ್ಫಾನಿನ ದೊಡ್ಡ ಉತ್ಪಾದಕರು ನಾವೇ, ತಯಾರಕರಲ್ಲಿ ಒಂದು ಕೇಂದ್ರ ಸರ್ಕಾರದ್ದೇ ಕಂಪನಿ. ಮುಂದಿನ ತಿಂಗಳು, ಮೇ 13ರಂದು, ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ನಿಲ್ಲಿಸಿತು.

ಪರಿಹಾರದ ಕತೆ ಇದಕ್ಕಿಂತ ಬೇಸರದ್ದು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳ ಸರ್ಕಾರಕ್ಕೆ, ಪೀಡಿತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಲೆಕ್ಕ ಕೇಳಿದಾಗ 3,704 ಜನರಲ್ಲಿ ಪರಿಹಾರ ಮುಟ್ಟಿದ್ದು ಎಂಟು ಮಂದಿಗೆ, ಅವರೂ ಕೋರ್ಟಿಗೆ ಹೋದವರು. ಆ ಆದೇಶ ಕೇರಳಕ್ಕೆ ಕೊಟ್ಟದ್ದರಿಂದ ತಲಪಾಡಿ ದಾಟಿ ಈಚೆ ಬಂದರೆ ಅದರ ಲೆಕ್ಕವೇ ಇಲ್ಲ. ಅದೇ ವಿಷ, ಅದೇ ಗೇರು, ಅದೇ ಹೆಲಿಕಾಪ್ಟರ್. ಇಲ್ಲಿ ಸಿಕ್ಕಿದ್ದು ಮಾಸಾಶನ, ಅದೂ ಸುಮ್ಮನೆ ಸಿಗಲಿಲ್ಲ. ಸ್ವತಃ ದೃಷ್ಟಿ ಕಳೆದುಕೊಂಡ ಕೊಕ್ಕಡದ ಶ್ರೀಧರ ಗೌಡ, ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನುಭಾಗ್ ಮೊದಲಾದವರು ವರ್ಷಗಟ್ಟಲೆ ಹೋರಾಡಿದ್ದರ ಫಲ ಅದು.

ಇಷ್ಟೆಲ್ಲ ಆದರೂ, ನಿಷೇಧ ಬಂತು, ಸಮೀಕ್ಷೆ ಆಯಿತು, ಕಾರ್ಡು ಕೊಟ್ಟರು, ಆದರೆ ಒಬ್ಬನೇ ಒಬ್ಬ ಮನುಷ್ಯನನ್ನು ಕಟಕಟೆಯಲ್ಲಿ ನಿಲ್ಲಿಸಿ ನಿನಗೆ ಇದು ಯಾವಾಗ ಗೊತ್ತಾಯಿತು ಎಂದು ಕೇಳಿ ಶಿಕ್ಷೆ ಕೊಡಲಿಲ್ಲ. ಪ್ರಶ್ನೆಗಳೆಲ್ಲ ಪೀಡಿತರಿಗೇ. ನಿಮ್ಮ ಮನೆ ನೆಡುತೋಪಿನಿಂದ ಎಷ್ಟು ದೂರ? ಮಗು ಹುಟ್ಟಿದ ವರ್ಷ ಯಾವುದು? ವೈಕಲ್ಯ ಎಷ್ಟು ಪರ್ಸೆಂಟ್? ರೇಷನ್ ಕಾರ್ಡ್ ತಂದಿದ್ದೀರಾ?

ಈ ಪ್ರಶ್ನೆಗಳ ದಿಕ್ಕು ಬದಲಿಸುವ ಒಂದು ಪ್ರಯತ್ನ ಜಗತ್ತಿನ ಮಟ್ಟದಲ್ಲಿ ನಡೆಯುತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ವನುವಾಟು, ಫಿಜಿ, ಸಮೋವಾ ಎಂಬ ಮೂರು ಪುಟ್ಟ ದ್ವೀಪರಾಷ್ಟ್ರಗಳು ಹೇಗ್‌ನಲ್ಲಿರುವ ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯಕ್ಕೆ ಒಂದು ಪ್ರಸ್ತಾವ ಕೊಟ್ಟಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ರೋಮ್ ಶಾಸನದ ನಾಲ್ಕು ಅಪರಾಧಗಳು ಬಾಯಿಪಾಠ ಇರುತ್ತವೆ: ನರಮೇಧ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಆಕ್ರಮಣ. ಇದಕ್ಕೆ ಐದನೆಯದಾಗಿ 'ಇಕೋಸೈಡ್' ಸೇರಿಸಿ ಎನ್ನುವುದು ಆ ದೇಶಗಳ ಬೇಡಿಕೆ. ಕನ್ನಡದಲ್ಲಿ ಪರಿಸರಹತ್ಯೆ ಎನ್ನಬಹುದು.

ಈ ಪದ ಹುಟ್ಟಿದ್ದೂ ವಿಮಾನದಿಂದ ಸುರಿದ ರಾಸಾಯನಿಕದಿಂದಲೇ. ಆರ್ಥರ್ ಗಾಲ್‌ಸ್ಟನ್ ಎಂಬ ಅಮೆರಿಕದ ಸಸ್ಯಶಾಸ್ತ್ರಜ್ಞ 1943ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಸೋಯಾಬೀನ್ ಬೇಗ ಹೂ ಬಿಡಲು ಸಹಾಯ ಮಾಡುವ ರಾಸಾಯನಿಕವೊಂದರ ಮೇಲೆ ಪಿಎಚ್.ಡಿ. ಮಾಡಿದ್ದರು. ಪ್ರಮಾಣ ಹೆಚ್ಚಾದರೆ ಅದು ಎಲೆಗಳನ್ನೇ ಉದುರಿಸುತ್ತದೆ ಎಂಬುದನ್ನೂ ಅವರೇ ದಾಖಲಿಸಿದ್ದರು. ಸೇನೆಯ ಸಂಶೋಧಕರಿಗೆ ಬೇಕಾದದ್ದು ಆ ಎರಡನೆಯ ಸಾಲು. ಎಲೆ ಉದುರಿಸುವ ರಾಸಾಯನಿಕಗಳ ಹುಡುಕಾಟ ಮುಂದುವರಿದು ವಿಯೆಟ್ನಾಂ ಕಾಡುಗಳ ಮೇಲೆ ಏಜೆಂಟ್ ಆರೆಂಜ್ ಸುರಿಯುವಲ್ಲಿಗೆ ಮುಟ್ಟಿತು. ಗಾಲ್‌ಸ್ಟನ್ ಅದರ ವಿರುದ್ಧ ನಿಂತರು, 1970ರಲ್ಲಿ ವಾಷಿಂಗ್ಟನ್ನಿನ ಸಮ್ಮೇಳನವೊಂದರಲ್ಲಿ ಇಕೋಸೈಡ್ ಎಂಬ ಪದವನ್ನು ಮುಂದಿಟ್ಟರು. 1972ರಲ್ಲಿ ಸ್ಟಾಕ್‌ಹೋಮಿನ ಪರಿಸರ ಸಮ್ಮೇಳನದಲ್ಲಿ ಸ್ವೀಡನ್ ಪ್ರಧಾನಿ ಓಲೋಫ್ ಪಾಲ್ಮೆ ಅದನ್ನು ಬಳಸಿದರು. ನಮ್ಮ ಇಂದಿರಾ ಗಾಂಧಿ ಮಾತಾಡಿದ್ದೂ ಅದೇ ಸಮ್ಮೇಳನದಲ್ಲಿ. 1998ರ ರೋಮ್ ಶಾಸನದಲ್ಲಿ ಮಾತ್ರ ಪರಿಸರಕ್ಕೆ ಸಿಕ್ಕಿದ್ದು ಯುದ್ಧಾಪರಾಧದ ಪಟ್ಟಿಯಲ್ಲಿ ಒಂದು ಸಣ್ಣ ಜಾಗ. ಅಂದರೆ ಯುದ್ಧದಲ್ಲಿ ಕಾಡಿಗೆ ವಿಷ ಹಾಕಿದರೆ ಕೇಳುವವರಿದ್ದಾರೆ, ಶಾಂತಿಯ ಕಾಲದಲ್ಲಿ ಗೇರು ಗುಡ್ಡೆಗೆ ಹಾಕಿದರೆ ಇಲ್ಲ.

2021ರ ಜೂನ್‌ನಲ್ಲಿ ಬ್ರಿಟನ್ನಿನ ಫಿಲಿಪ್ ಸ್ಯಾಂಡ್ಸ್ ಮತ್ತು ಸೆನೆಗಲ್‌ನ ಡಿಯೋರ್ ಫಾಲ್ ಸೋ ಅವರ ನೇತೃತ್ವದಲ್ಲಿ 12 ಕಾನೂನು ತಜ್ಞರು ಕೂತು ಈ ಅಪರಾಧಕ್ಕೊಂದು ವ್ಯಾಖ್ಯೆ ಬರೆದರು. ಅದರ ಸಾರ ಹೀಗೆ: ಪರಿಸರಕ್ಕೆ ತೀವ್ರವಾದ, ಜೊತೆಗೆ ವ್ಯಾಪಕವಾದ ಅಥವಾ ಬಹುಕಾಲ ಉಳಿಯುವ ಹಾನಿ ಆಗುವ ಸಂಭವ ಸಾಕಷ್ಟಿದೆ ಎಂದು ತಿಳಿದೂ ಮಾಡಿದ ಕಾನೂನುಬಾಹಿರ ಅಥವಾ ಲಂಗುಲಗಾಮಿಲ್ಲದ ಕೃತ್ಯ. ವ್ಯಾಪಕ ಅನ್ನುವುದಕ್ಕೆ ದೇಶದ ಗಡಿ ದಾಟಲೇಬೇಕೆಂದಿಲ್ಲ, ದೊಡ್ಡ ಸಂಖ್ಯೆಯ ಮನುಷ್ಯರು ಅನುಭವಿಸಿದರೂ ಸಾಕು.

ಇದನ್ನು ಮೊದಲ ಸಲ ಓದಿದಾಗ ನನ್ನ ಕಣ್ಣು ನಿಂತದ್ದು 'ತಿಳಿದೂ' ಎಂಬಲ್ಲಿ. ಸ್ವಲ್ಪ ಬಿಡಿಸಿ ನೋಡೋಣ. ಈ ವ್ಯಾಖ್ಯೆಯ ಪ್ರಕಾರ ಇಂಥ ಮಗುವಿನ ಕೈ ಇಂಥ ದಿನದ ಸಿಂಪಡಣೆಯಿಂದಲೇ ಬೆಳೆಯಲಿಲ್ಲ ಎಂದು ಸಾಬೀತು ಮಾಡಬೇಕಾಗಿಲ್ಲ. ಹಾನಿಯ ಸಂಭವ ಗೊತ್ತಿದ್ದೂ ಮುಂದುವರಿದದ್ದೇ ಅಪರಾಧ. ಎಂಡೋಸಲ್ಫಾನ್ ಪ್ರಕರಣ ಮೂವತ್ತು ವರ್ಷ ಸಿಕ್ಕಿಹಾಕಿಕೊಂಡದ್ದೇ ಇಲ್ಲಿ. ಒಂದು ಸಮಿತಿ ಸಂಬಂಧ ಇದೆ ಎಂದಿತು, ಇನ್ನೊಂದು ಇಲ್ಲ ಎಂದಿತು. ಪ್ರತಿ ಮಗುವಿನ ವಿಷಯದಲ್ಲೂ ಇದು ರಕ್ತಸಂಬಂಧದ ಮದುವೆಯಿಂದ ಇರಬಹುದು, ಪೌಷ್ಟಿಕಾಂಶದ ಕೊರತೆ ಇರಬಹುದು ಎಂಬ ವಾದ ಬಂತು. ಒಬ್ಬೊಬ್ಬರ ವಿಷಯದಲ್ಲಿ ಆ ಅನುಮಾನ ಪೂರ್ತಿ ಸುಳ್ಳು ಎನ್ನಲೂ ಆಗುವುದಿಲ್ಲ, ವಿಜ್ಞಾನ ಇರುವುದೇ ಹಾಗೆ. ಆದರೆ ಅಪರಾಧದ ಪ್ರಶ್ನೆ ಬೇರೆ. ಪಡ್ರೆಯ ಕರುಗಳ ಬಗ್ಗೆ ಬರೆದು ಹತ್ತು ಹದಿನೈದು ವರ್ಷ ಕಳೆದ ಮೇಲೂ ಹೆಲಿಕಾಪ್ಟರಿಗೆ ಅನುಮತಿ ಕೊಟ್ಟ ಕಾಗದಕ್ಕೆ ಸಹಿ ಹಾಕಿದವರ ಮುಂದೆ ಏನೇನು ವರದಿಗಳಿದ್ದವು? ಬಾವಿ ಮುಚ್ಚಿಸದೆ ಸಿಂಪಡಿಸಿದ್ದು ಕಚೇರಿಗೆ ಗೊತ್ತಿತ್ತೇ? ಈ ಪ್ರಶ್ನೆಗೆ ಉತ್ತರ ಆಸ್ಪತ್ರೆಯ ಸ್ಕ್ಯಾನಿಂಗಿನಲ್ಲಿ ಇರುವುದಿಲ್ಲ. ಅದು ಇರುವುದು ಕಚೇರಿಯ ಫೈಲಿನಲ್ಲಿ.

ಹಾಗಂತ ನಾಳೆ ಇಕೋಸೈಡ್ ಕಾನೂನು ಬಂದುಬಿಟ್ಟರೆ ಬೈಂದೂರಿನ ಮನೆಗಳಿಗೆ ನ್ಯಾಯ ಸಿಗುತ್ತದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕ್ರಿಮಿನಲ್ ಕಾನೂನು ಹಿಂದಕ್ಕೆ ಹೋಗುವುದಿಲ್ಲ, ಕಾನೂನು ಬರುವ ಮೊದಲು ಮಾಡಿದ್ದಕ್ಕೆ ಶಿಕ್ಷೆ ಇಲ್ಲ. ಅದಲ್ಲದೆ ಭಾರತ ಆ ನ್ಯಾಯಾಲಯದ ಸದಸ್ಯನೇ ಅಲ್ಲ. 1998ರಲ್ಲಿ ರೋಮ್‌ನಲ್ಲಿ ಮತದಾನ ಆದಾಗ 120 ದೇಶಗಳು ಒಪ್ಪಿದವು, ಭಾರತ ಮತ ಹಾಕದೆ ಕೂತಿತು. ಈಗಿನ ತಿದ್ದುಪಡಿಗೆ ಸದಸ್ಯ ದೇಶಗಳಲ್ಲಿ ಮೂರನೇ ಎರಡರಷ್ಟು ಒಪ್ಪಬೇಕು, ಒಪ್ಪಿ ಸಹಿ ಹಾಕಿದವರಿಗೆ ಮಾತ್ರ ಅದು ಅನ್ವಯ. ಆ ಕೋರ್ಟು ವಿಚಾರಣೆ ಮಾಡುವುದು ವ್ಯಕ್ತಿಗಳನ್ನು, ಕಂಪನಿಯನ್ನೋ ನಿಗಮವನ್ನೋ ಅಲ್ಲ. ಈ ಕೊನೆಯದ್ದನ್ನು ಹಲವರು ಕೊರತೆ ಎನ್ನುತ್ತಾರೆ. ನನಗೇನೋ ಅದು ಒಳ್ಳೆಯದೇ ಅನ್ನಿಸುತ್ತದೆ. ನಿಗಮಕ್ಕೆ ದಂಡ ಹಾಕಿದರೆ ಕಟ್ಟುವುದು ತೆರಿಗೆ ಹಣದಿಂದ, ಅಂದರೆ ಪೀಡಿತರ ಜೇಬಿನಿಂದಲೂ.

ಇದಕ್ಕಿಂತ ಗಟ್ಟಿಯಾದ ಅಡ್ಡಿ ಒಂದಿದೆ. ಎಂಡೋಸಲ್ಫಾನ್ ಕದ್ದುಮುಚ್ಚಿ ಸುರಿದದ್ದಲ್ಲ. ಅದು ಕೀಟನಾಶಕ ಕಾಯ್ದೆಯಡಿ ನೋಂದಣಿ ಆದ ಔಷಧಿ, ಸಿಂಪಡಿಸಿದ್ದು ಸರ್ಕಾರದ್ದೇ ನಿಗಮ, ಉದ್ದೇಶ ಇಳುವರಿ ಹೆಚ್ಚಿಸುವುದು. ಹಾಗಾದರೆ 'ಕಾನೂನುಬಾಹಿರ' ಎನ್ನುವುದು ಎಲ್ಲಿ? ಷರತ್ತು ಮೀರಿದ್ದರಲ್ಲಿ ಒಂದಿಷ್ಟು ಸಿಗಬಹುದು. ಉಳಿದದ್ದಕ್ಕೆ ತಜ್ಞರ ವ್ಯಾಖ್ಯೆಯಲ್ಲಿ ಇನ್ನೊಂದು ಅಳತೆಗೋಲಿದೆ: ನಿರೀಕ್ಷಿಸಿದ ಆರ್ಥಿಕ, ಸಾಮಾಜಿಕ ಲಾಭಕ್ಕೆ ಹೋಲಿಸಿದರೆ ಹಾನಿ ಸ್ಪಷ್ಟವಾಗಿ ಅತಿಯಾಯಿತೇ ಎಂಬುದು. ಈ ತಕ್ಕಡಿ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಗೇರು ನಮ್ಮ ಊರಿಗೆ ಸಣ್ಣ ವಿಷಯವಲ್ಲ. ಕುಂದಾಪುರದ ಆಸುಪಾಸಿನ ಗೇರುಬೀಜ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರ ಸಂಬಳದಿಂದ ಓದಿದ ಮಕ್ಕಳು ಈ ಪುಟ ಓದುವವರಲ್ಲೇ ಎಷ್ಟೋ ಮಂದಿ ಇದ್ದೀರಿ. ತಕ್ಕಡಿಯ ಒಂದು ಕಡೆ ಅಷ್ಟೂ ಸಂಬಳ ಇಟ್ಟು, ಇನ್ನೊಂದು ಕಡೆ ಹಾಸಿಗೆಯಿಂದ ಏಳದ ಒಬ್ಬ ಹುಡುಗನನ್ನು ಇಟ್ಟರೆ ಯಾವ ನ್ಯಾಯಾಧೀಶ ತೂಗಬೇಕು? ಆದರೆ ಆಯ್ಕೆ ಇದ್ದದ್ದು ಗೇರು ಬೇಕೋ ಬೇಡವೋ ಎಂಬುದರ ನಡುವೆ ಅಲ್ಲ. ಆಕಾಶದಿಂದ ಸುರಿಯುವುದೋ, ಕೆಳಗೆ ನಿಂತು ಮರ ನೋಡಿ ಹೊಡೆಯುವುದೋ ಎಂಬುದರ ನಡುವೆ. ವಾದ ಮಾಡುವವರು ತಕ್ಕಡಿಯಲ್ಲಿ ಇಡಬೇಕಾದದ್ದು ಹೆಲಿಕಾಪ್ಟರಿನಿಂದ ಉಳಿದ ಕೂಲಿ ಖರ್ಚನ್ನು ಮಾತ್ರ.

ಹೇಗ್ ದೂರದ ಮಾತಾಯಿತು. ಹತ್ತಿರದ ದೆಹಲಿಯಲ್ಲಿ ಏನಾಗುತ್ತಿದೆ ನೋಡಿದರೆ ಗಾಳಿ ಉಲ್ಟಾ ಬೀಸುತ್ತಿದೆ. ಭೋಪಾಲ್ ದುರಂತದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ, ನಿಯಮ ಮುರಿದವರಿಗೆ ಐದು ವರ್ಷದವರೆಗೆ ಜೈಲು ಎಂದಿತ್ತು. 2023ರ ಜನವಿಶ್ವಾಸ್ ಕಾಯ್ದೆ ಆ ಜೈಲು ಶಿಕ್ಷೆಯನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಮಾಡಿತು. ದಂಡ ಕಟ್ಟದಿದ್ದರೆ ಮಾತ್ರ ಜೈಲು. ಸಣ್ಣಪುಟ್ಟ ತಪ್ಪಿಗೆಲ್ಲ ಉದ್ಯಮಿಗಳನ್ನು ಕೋರ್ಟಿಗೆ ಎಳೆಯುವುದು ಬೇಡ ಎನ್ನುವುದು ಸರ್ಕಾರದ ವಾದ. ಹಳೆಯ ಕಾಯ್ದೆಯಲ್ಲಿ ಜೈಲಿಗೆ ಹೋದವರೂ ಬೆರಳೆಣಿಕೆ, ಅದೂ ನಿಜವೇ. ಆದರೂ ವರದಿ ತಡವಾಗಿ ಕೊಟ್ಟ ಸಣ್ಣ ಕಾರ್ಖಾನೆಯನ್ನೂ ನದಿಗೆ ವಿಷ ಬಿಟ್ಟವನನ್ನೂ ಒಂದೇ ದಂಡದ ಪುಸ್ತಕದಲ್ಲಿ ಬರೆಯುವುದು ಎಂಥ ನ್ಯಾಯ? ಭೋಪಾಲಿನಲ್ಲೇ, 1984ರ ಅನಿಲ ಸೋರಿಕೆಗೆ 2010ರಲ್ಲಿ ಏಳು ಮಂದಿಗೆ ಶಿಕ್ಷೆ ಆಯಿತು. ಎರಡು ವರ್ಷ ಜೈಲು, ಅಜಾಗರೂಕತೆಯಿಂದ ಸಾವು ತಂದದ್ದಕ್ಕೆ ಹಾಕುವ ಸೆಕ್ಷನ್ನಿನಡಿ. ರಸ್ತೆ ಅಪಘಾತಕ್ಕೂ ಆಗ ಅದೇ ಸೆಕ್ಷನ್.

ಬೇರೆ ದೇಶಗಳು ಹೇಗ್‌ಗೆ ಕಾಯುತ್ತ ಕೂತಿಲ್ಲ. ಏಜೆಂಟ್ ಆರೆಂಜ್ ಅನುಭವಿಸಿದ ವಿಯೆಟ್ನಾಂ 1990ರಲ್ಲೇ ತನ್ನ ದಂಡಸಂಹಿತೆಯಲ್ಲಿ ಪರಿಸರಹತ್ಯೆಯನ್ನು ಬರೆದುಕೊಂಡಿತು. ಬೆಲ್ಜಿಯಂ 2024ರಲ್ಲಿ ಮಾಡಿತು. ಅದೇ ವರ್ಷ ಐರೋಪ್ಯ ಒಕ್ಕೂಟ ಪರಿಸರಹತ್ಯೆಗೆ ಸಮನಾದ ಕೃತ್ಯಗಳಿಗೆ ಹೆಚ್ಚಿನ ಶಿಕ್ಷೆ ಇಡಬೇಕೆಂದು ಸದಸ್ಯ ದೇಶಗಳಿಗೆ ಹೇಳಿತು. ಭಾರತವೂ ತನ್ನ ಸಂಸತ್ತಿನಲ್ಲಿ ಇದನ್ನು ಮಾಡಬಹುದು, ಅದಕ್ಕೆ ರೋಮ್ ಶಾಸನದ ಸದಸ್ಯತ್ವ ಬೇಕಾಗಿಲ್ಲ.

ಇದನ್ನೆಲ್ಲ ಓದಿ, ನಾವು ಡಿಗ್ರಿ ಮುಗಿಸಿ ಕೆಲಸ ಹುಡುಕುವವರು, ನಮ್ಮಿಂದ ಏನಾದೀತು ಅನ್ನಿಸುವುದು ಸಹಜ. ವನುವಾಟುವಿನದ್ದೇ ಒಂದು ಉದಾಹರಣೆ ಇದೆ. 2019ರಲ್ಲಿ ಅಲ್ಲಿನ ಯೂನಿವರ್ಸಿಟಿ ಆಫ್ ದಿ ಸೌತ್ ಪೆಸಿಫಿಕ್ ಕ್ಯಾಂಪಸ್ಸಿನಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು, ಹವಾಮಾನದ ವಿಷಯವನ್ನು ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯಬೇಕು ಎಂದು ತಮ್ಮ ಸರ್ಕಾರದ ಬೆನ್ನು ಹತ್ತಿದರು. (ಈ ನ್ಯಾಯಾಲಯವೂ ಹೇಗ್‌ನಲ್ಲೇ ಇದೆ, ಆದರೆ ಇದು ವಿಶ್ವಸಂಸ್ಥೆಯದ್ದು. ಮೇಲೆ ಹೇಳಿದ ಕ್ರಿಮಿನಲ್ ಕೋರ್ಟ್ ಬೇರೆ. ಪರೀಕ್ಷೆಯಲ್ಲಿ ಎರಡನ್ನೂ ಅದಲುಬದಲು ಮಾಡಿ ಕೇಳುತ್ತಾರೆ.) ಸರ್ಕಾರ ಒಪ್ಪಿತು, ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿತು. 2025ರ ಜುಲೈ 23ರಂದು ಆ ನ್ಯಾಯಾಲಯ ಸರ್ವಾನುಮತದಿಂದ, ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ ಎಂದು ಅಭಿಪ್ರಾಯ ಕೊಟ್ಟಿತು.

ನಮ್ಮ ಜಿಲ್ಲೆಯಲ್ಲೂ ಲಾ ಕಾಲೇಜುಗಳಿವೆ. ಎಂಡೋಸಲ್ಫಾನ್ ವಿಷಯದಲ್ಲಿ ಆರೋಗ್ಯ ಇಲಾಖೆಯ ಸಮೀಕ್ಷೆ ಆಗಿದೆ, ಪೀಡಿತರ ಪಟ್ಟಿ ಇದೆ. ಆದರೆ ಯಾವ ನೆಡುತೋಪಿನ ಮೇಲೆ, ಯಾವ ದಿನಾಂಕಗಳಲ್ಲಿ, ಎಷ್ಟು ಲೀಟರ್ ಸುರಿದರು, ಅನುಮತಿಯ ಕಾಗದದಲ್ಲಿ ಯಾರ ಸಹಿ ಇದೆ, ಯಾವ ದೂರಿಗೆ ಯಾರು ಏನು ಉತ್ತರ ಕೊಟ್ಟರು ಎನ್ನುವುದನ್ನು ಗ್ರಾಮವಾರು ಒಂದೇ ಕಡೆ ಇಟ್ಟು ನೋಡಲು ಸಾಧ್ಯವಾದರೆ ಅದು ಬೇರೆಯೇ ಪಟ್ಟಿ. ಪೀಡಿತರ ಪಟ್ಟಿಯ ಎದುರು ಇಡಬೇಕಾದ ಪಟ್ಟಿ. ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಸೆಕ್ಷನ್ ಪ್ರಕಾರ 20 ವರ್ಷಕ್ಕಿಂತ ಹಿಂದೆ ನಡೆದ ಘಟನೆಯ ಮಾಹಿತಿ ಕೇಳಿದರೆ, ಒಂದೆರಡು ವಿನಾಯಿತಿ ಬಿಟ್ಟು ಉಳಿದ ನೆಪ ಹೇಳಿ ನಿರಾಕರಿಸುವಂತಿಲ್ಲ. ಸಿಂಪಡಣೆ ನಿಂತು 20 ವರ್ಷ ಯಾವಾಗಲೋ ದಾಟಿದೆ. ಅರ್ಜಿಯ ಶುಲ್ಕ 10 ರೂಪಾಯಿ. ತಡ ಮಾಡಿದರೆ ಒಂದು ಅಪಾಯ ಇದೆ: ಸರ್ಕಾರಿ ಕಚೇರಿಗಳಲ್ಲಿ ಹಳೆಯ ಕಡತಗಳಿಗೆ ಆಯುಷ್ಯ ಇರುತ್ತದೆ, ಅದು ಮುಗಿದರೆ ನಾಶ ಮಾಡಬಹುದು. ಪ್ರಾಜೆಕ್ಟ್ ವರ್ಕಿಗೆ ವಿಷಯ ಸಿಗದೆ ಇಂಟರ್ನೆಟ್ಟಿನಿಂದ ಇಳಿಸಿ ಬೈಂಡ್ ಮಾಡಿಸುವ ನಮಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ?

ಇದು ಮುಗಿದುಹೋದ ಕಾಲದ ಕತೆ ಎಂದುಕೊಳ್ಳುವವರಿಗೆ ಇನ್ನೊಂದು ಮಾತು. ಸಿಂಪಡಣೆ ನಿಂತಾಗ ಗೋದಾಮುಗಳಲ್ಲಿ ಎಂಡೋಸಲ್ಫಾನ್ ಉಳಿದಿತ್ತು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗಡಿಯ ಮಿಂಚಿನಪದವಿನ ಗೇರು ತೋಟದಲ್ಲಿ, ಉಳಿದ ವಿಷವನ್ನು ಹಾಳುಬಾವಿಯೊಂದಕ್ಕೆ ಹಾಕಿ ಮಣ್ಣು ಮುಚ್ಚಿದ್ದಾರೆ ಎಂಬ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಗಿದೆ. ಮಣ್ಣು, ನೀರಿನ ಮಾದರಿ ತೆಗೆಯಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಅಲ್ಲಿಗೆ ಬಂದಿದ್ದಾರೆ. ದೂರು ನಿಜವಾಗಿದ್ದರೆ, ಆ ಬಾವಿಗೆ ಡ್ರಮ್ಮು ಇಳಿಸುವ ಹೊತ್ತಿಗೆ ಅದು ಏನೆಂದು ಗೊತ್ತಿಲ್ಲದವರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ.